ಚಿಪ್ಸ್ ಡ್ರಮ್ಮು ತುಂಬದ ವರ್ಷ

ಶನಿವಾರ ಮಧ್ಯಾಹ್ನ ಮೂರಾಯಿತೆಂದರೆ ಗುಜರಿಯವನ ಟೆಂಪೊ ನಮ್ಮ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಿತ್ತು. ಕಬ್ಬಿಣವನ್ನು ತಿರುಗಿಸುತ್ತ ಕಡಿಯುವ ಲೇತ್ ಮಷಿನ್ನಿನಡಿ ಬೀಳುವ ಸುರುಳಿ, ನಮ್ಮ ಬಾಯಲ್ಲಿ ಚಿಪ್ಸು, ಅಷ್ಟು ಹೊತ್ತಿಗೆ ಆರು ಡ್ರಮ್ಮು ತುಂಬಿರುತ್ತಿತ್ತು. ತೂಗಿ, ನೋಟು ಎಣಿಸಿ ಕೊಟ್ಟು, ಒಂದು ಲೋಟ ಟೀ ಕುಡಿದು ಹೋಗುತ್ತಿದ್ದ. 2019ರ ಜೂನ್ ತಿಂಗಳ ಒಂದು ಶನಿವಾರ ಡ್ರಮ್ಮುಗಳೊಳಗೆ ಇಣುಕಿದವನು, "ಮುಂದಿನ ವಾರ ಬರ್ತೀನಿ ಬಿಡಿ ಸಾರ್, ಇಷ್ಟಕ್ಕೆ ಡೀಸೆಲ್ಲೂ ಗಿಟ್ಟಲ್ಲ" ಅಂದ. ಎರಡೂವರೆ ಡ್ರಮ್ಮು ಇತ್ತು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ದೇ ಅಲ್ಲ, ಈ ರೋಡಲ್ಲಿ ಎಲ್ಲರದ್ದೂ ಹಿಂಗೇ" ಅಂತ ಸೇರಿಸಿದ.

ಪೇಪರಿನಲ್ಲಿ ಮಾಂದ್ಯ ಅನ್ನುವ ಪದ ದೊಡ್ಡ ಅಕ್ಷರದಲ್ಲಿ ಬಂದದ್ದು ಅದಾಗಿ ಎರಡು ತಿಂಗಳಿಗೆ. ಆ ಆಗಸ್ಟ್‌ನಲ್ಲಿ ದೇಶದ ಕಾರು, ಜೀಪುಗಳ ಮಾರಾಟ ಹಿಂದಿನ ವರ್ಷದ ಆಗಸ್ಟ್‌ಗಿಂತ ಶೇ. 31ಕ್ಕೂ ಹೆಚ್ಚು ಬಿದ್ದಿತ್ತು. ಲಾರಿಗಳದ್ದು ಇನ್ನೂ ಹೀನಾಯ. ನನಗೆ ಆ ಸುದ್ದಿಯನ್ನು ಮೊದಲೇ ಕೊಟ್ಟವನು ಗುಜರಿಯವನು. ಅವತ್ತಿನಿಂದ ಚಿಪ್ಸಿನ ತೂಕವನ್ನು ಒಂದು ಪುಸ್ತಕದಲ್ಲಿ ವಾರವಾರ ಬರೆಯುತ್ತಿದ್ದೇನೆ. ಬಿಲ್ಲು ಸುಳ್ಳು ಹೇಳಬಹುದು, ಹಿಂದಿನ ತಿಂಗಳ ಕೆಲಸಕ್ಕೆ ಈ ತಿಂಗಳು ಬಿಲ್ಲಾಗಿರಬಹುದು. ಚಿಪ್ಸು ಮಾತ್ರ ಈ ವಾರ ಮಷಿನ್ನು ಎಷ್ಟು ಕಡಿದಿದೆಯೋ ಅಷ್ಟೇ ಇರುತ್ತದೆ.

ನಮ್ಮ ಶೆಡ್ಡು ಇರುವುದು ಬೆಂಗಳೂರಿನ ರಾಜಗೋಪಾಲನಗರದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತಕ್ಕೆ ಅಂಟಿಕೊಂಡಂತೆ. ಪೀಣ್ಯ ಅಂದರೆ ಹೊರಗಿನವರ ಕಣ್ಣಿಗೆ ದೊಡ್ಡ ಗೇಟು, ಸೆಕ್ಯುರಿಟಿ, ಕಂಪನಿ ಬಸ್ಸು. ಅದರ ಬೆನ್ನ ಹಿಂದೆ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿ ಕಡೆಗೆಲ್ಲ ನಮ್ಮಂಥ ಶೆಡ್ಡುಗಳು ಹರಡಿಕೊಂಡಿವೆ. ಕೆಳಗೆ ಮಷಿನ್ನು, ಮೇಲೆ ಬಾಡಿಗೆ ಮನೆ. ಪಕ್ಕದಲ್ಲಿ ಹೀಟ್ ಟ್ರೀಟ್‌ಮೆಂಟ್, ಎದುರಿಗೆ ಪ್ಲೇಟಿಂಗ್, ಮೂಲೆಯಲ್ಲಿ ಟೀ ಅಂಗಡಿ. ದೊಡ್ಡ ಕಂಪನಿ ಒಂದು ಬಿಡಿಭಾಗಕ್ಕೆ ಆರ್ಡರ್ ಕೊಟ್ಟರೆ ಅದು ನಾಲ್ಕು ಶೆಡ್ಡು ಸುತ್ತಿ, ಟಿವಿಎಸ್ ಗಾಡಿಯ ಮೇಲೆ ಕೂತು ಮತ್ತೆ ಕಂಪನಿ ಸೇರುತ್ತದೆ. ಹಾಗಾಗಿ ಮೇಲೆ ಒಂದು ಆರ್ಡರ್ ನಿಂತರೆ ಕೆಳಗೆ ನಾಲ್ಕು ಕಡೆ ಒಲೆ ತಣ್ಣಗಾಗುತ್ತದೆ.

ನಾನು ಐಟಿಐ ಮುಗಿಸಿ ಟರ್ನರ್, ಅಂದರೆ ಲೇತು ನಡೆಸುವವನಾಗಿ ಸೇರಿದವನು. ಕೈಹಿಡಿದು ಕಲಿಸಿದವರು ಎಚ್‌ಎಂಟಿಯಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಬಂದ ಹಿರಿಯರೊಬ್ಬರು. 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಆ ಕಾರ್ಖಾನೆ ಬೆಂಗಳೂರಿಗೆ ಕೊಟ್ಟದ್ದು ವಾಚು, ಲೇತುಗಳನ್ನಷ್ಟೇ ಅಲ್ಲ, ಕೈಗಳನ್ನೂ ಕೊಟ್ಟಿತು. 2004ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲೇತು ಹಾಕಿಕೊಂಡು ಸ್ವಂತ ಶುರು ಮಾಡಿದೆ. 2019ರ ಹೊತ್ತಿಗೆ ಮೂರು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೇತು, ಕೊರೆಯುವ, ಮಿಲ್ಲಿಂಗ್ ಮಾಡುವ ಒಂದು ವಿಎಂಸಿ ಮಷಿನ್ನು, ಹನ್ನೊಂದು ಜನ.

ಇದಕ್ಕೂ ಮುಂಚೆ ಒಂದು ಹೊಡೆತ ನೋಡಿದ್ದೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿದಾಗ, ಅದಕ್ಕೂ ನನ್ನ ಲೇತಿಗೂ ಏನು ಸಂಬಂಧ ಅಂದುಕೊಂಡಿದ್ದೆ. ದೀಪಾವಳಿ ಕಳೆದ ಮೇಲೆ ರಫ್ತಿಗೆ ಹೋಗುತ್ತಿದ್ದ ವಾಲ್ವ್ ಭಾಗಗಳ ಆರ್ಡರ್ ನಿಂತಿತು, ಸಂಬಂಧ ತಿಳಿಯಿತು. ಆಗ ನನಗೆ ಸಾಲವಿರಲಿಲ್ಲ, ಇಬ್ಬರೇ ಹುಡುಗರು, ಹೇಗೋ ದಾಟಿದೆ. ದಾಟಿದ್ದಷ್ಟೇ ಅಲ್ಲ, ಮರುವರ್ಷ ಮುಚ್ಚಿಹೋದ ಒಂದು ಶೆಡ್ಡಿನಿಂದ ಅರ್ಧ ಬೆಲೆಗೆ ನನ್ನ ಮೊದಲ ಸಿಎನ್‌ಸಿ ತಂದೆ. ಕ್ರೇನು ಬಂದು ಮಷಿನ್ನಿಗೆ ಬೆಲ್ಟು ಕಟ್ಟುತ್ತಿದ್ದಾಗ ಅದರ ಮಾಲೀಕ ಜೇಬಿನಿಂದ ಕರ್ಚೀಫು ತೆಗೆದು, ಪ್ಯಾನೆಲ್ ಮೇಲೆ ಆಯುಧಪೂಜೆಯಿಂದ ಉಳಿದಿದ್ದ ಕುಂಕುಮ, ವಿಭೂತಿಯನ್ನು ನಿಧಾನವಾಗಿ ಒರೆಸಿದ. "ಇದು ನಮ್ಮನೇದು, ನೀವು ನಿಮ್ದು ಇಟ್ಕೊಳಿ" ಅಂದ. ನನಗೆ ಆಗ ಲಾಭ ಮಾಡಿಕೊಂಡ ಖುಷಿಯೇ ಹೆಚ್ಚಿತ್ತು. ಹತ್ತು ವರ್ಷದ ಮೇಲೆ ರಾತ್ರಿ ನಿದ್ದೆ ಬಾರದಾಗ ಆ ಕರ್ಚೀಫು ಎಷ್ಟೋ ಸಲ ನೆನಪಾಯಿತು.

2019ರದ್ದು ಬೇರೆ ಥರ. ಅದಕ್ಕೆ ಒಂದೇ ಕಾರಣ ಇರಲಿಲ್ಲ. 2018ರ ಜುಲೈನಲ್ಲಿ ಲಾರಿಗಳು ಹೊರಬಹುದಾದ ತೂಕದ ಮಿತಿಯನ್ನು ಸರ್ಕಾರ ಏರಿಸಿತು. ಹಳೇ ಲಾರಿಗಳೇ ಹೆಚ್ಚು ಹೊರಬಹುದಾದರೆ ಹೊಸ ಲಾರಿ ಯಾಕೆ ಬೇಕು? ಆ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನುವ ದೊಡ್ಡ ಹಣಕಾಸು ಕಂಪನಿ ಸಾಲ ತೀರಿಸಲಾಗದೆ ಕುಸಿದದ್ದೇ ಲಾರಿಗೆ ಸಾಲ ಕೊಡುವ ಫೈನಾನ್ಸ್ ಕಂಪನಿಗಳ ಕೈಯೂ ಬಿಗಿಯಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬರುತ್ತದೆ ಅಂತ ಗೊತ್ತಿದ್ದ ಕಂಪನಿಗಳು ಹಳೇ ಮಾದರಿಯ ಸ್ಟಾಕು ಖಾಲಿ ಮಾಡುವುದರಲ್ಲಿದ್ದವು. ನನ್ನ ಕೆಲಸದಲ್ಲಿ ನೂರಕ್ಕೆ ಎಂಬತ್ತು ಒಬ್ಬನೇ ಗಿರಾಕಿಯದು, ಅವನದು ಪೂರಾ ಲಾರಿಯ ಬಿಡಿಭಾಗ. ಹೊಸೂರಿನ ಕಡೆ ಕಾರ್ಖಾನೆಗಳು ತಿಂಗಳಿಗೆ ಇಷ್ಟು ದಿನ ಕೆಲಸವಿಲ್ಲ ಅಂತ ಬೋರ್ಡು ಹಾಕಿದರೆ ನನ್ನ ಶೆಡ್ಯೂಲು ಮರುವಾರವೇ ಅರ್ಧಕ್ಕಿಳಿಯುತ್ತಿತ್ತು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಟ್ಟಿದ್ದೆ ಅಂತ ಈಗ ಯಾರು ಬೇಕಾದರೂ ಹೇಳಬಹುದು. ಒಳ್ಳೇ ಕಾಲದಲ್ಲಿ ಅದೇ ಗಿರಾಕಿ "ನಿಮ್ಮ ನಾಲ್ಕೂ ಮಷಿನ್ನು ನಮಗೇ ಇರಲಿ" ಅಂದಾಗ ಬೇಡ ಅನ್ನುವ ಸಣ್ಣ ಶೆಡ್ಡಿನವನನ್ನು ನಾನು ಇನ್ನೂ ನೋಡಿಲ್ಲ.

ಮೊದಲು ಹೋದದ್ದು ಓಟಿ (ಓವರ್‌ಟೈಮ್). ಮಾಲೀಕನಿಗೆ ಓಟಿ ಅಂದರೆ ಖರ್ಚು, ಹುಡುಗರಿಗೆ ಓಟಿ ಅಂದರೆ ಚೀಟಿ ದುಡ್ಡು. ಸಂಬಳ ಮನೆ ಬಾಡಿಗೆಗೆ, ರೇಷನ್ನಿಗೆ, ಊರಿಗೆ. ಓಟಿಯಿಂದ ಬರುವ ನಾಲ್ಕೈದು ಸಾವಿರ ಚೀಟಿಗೆ ಇಲ್ಲವೇ ಮಕ್ಕಳ ಫೀಸಿಗೆ. ನಮ್ಮ ರೋಡಿನಲ್ಲೇ ಇಪ್ಪತ್ತು ಜನರ ಒಂದು ಚೀಟಿ ನಡೆಯುತ್ತಿತ್ತು, ತಿಂಗಳಿಗೆ ಐದು ಸಾವಿರದ್ದು. ಜುಲೈನಲ್ಲಿ ಎರಡು ಕಡೆ ರಾತ್ರಿ ಪಾಳಿ ನಿಂತಿತು, ಆಗಸ್ಟ್‌ನಲ್ಲಿ ಆರು ಜನ ಕಂತು ಕಟ್ಟಲಿಲ್ಲ. ಚೀಟಿ ಎತ್ತಿಕೊಂಡು ಉಂಡವರು ತಲೆತಪ್ಪಿಸಿಕೊಂಡು ಓಡಾಡಿದರು, ಎತ್ತದೇ ಉಳಿದವರು ಚೀಟಿ ನಡೆಸುವವನ ಮನೆ ಮುಂದೆ ಕೂತರು. ನಮ್ಮ ಒಬ್ಬ ಆಪರೇಟರ್ ಮಗಳ ಮದುವೆಗೆ ಅಂತ ಕಟ್ಟಿದ್ದು ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಯಾವ ಅಂಕಿಅಂಶದಲ್ಲೂ ಇದು ಬರುವುದಿಲ್ಲ, ಯಾಕೆಂದರೆ ಕಾಗದದ ಮೇಲೆ ಅವನ ಕೆಲಸ ಹೋಗಿರಲಿಲ್ಲ.

ನಾನು ಮಾಡಿದ ಮೊದಲ ಸರಿಯಾದ ಕೆಲಸ ಒಂದು ಹಾಳೆ ಬರೆದದ್ದು. ಮಷಿನ್ನು ತಿರುಗಲಿ ಬಿಡಲಿ, ತಿಂಗಳಿಗೆ ಕೈಬಿಟ್ಟು ಹೋಗುವ ದುಡ್ಡೆಷ್ಟು? ಶೆಡ್ ಬಾಡಿಗೆ 38,000. ಎರಡು ಮಷಿನ್ನಿನ ಇಎಂಐ 73,000. ಹನ್ನೊಂದು ಜನರ ಸಂಬಳ 1,94,000. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, 5,000. ಬೆಸ್ಕಾಂನವರ ನಿಗದಿತ ಶುಲ್ಕ, ಅಂದರೆ ಸ್ವಿಚ್ಚು ಹಾಕದಿದ್ದರೂ ಕಟ್ಟಬೇಕಾದ್ದು, 6,000. ಆಡಿಟರ್ರು, ಫೋನು, ನೀರು, ಚಿಲ್ಲರೆ 12,000. ನನ್ನ ಮನೆಗೆ 35,000. ಕೂಡಿದರೆ 3,63,000. ಇಪ್ಪತ್ತೈದು ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 14,500. ಹದಿನೈದು ವರ್ಷ ಶೆಡ್ಡು ನಡೆಸಿದವನಿಗೆ ಈ ಅಂಕಿ ಅವತ್ತಿನ ತನಕ ಗೊತ್ತಿರಲಿಲ್ಲ ಅನ್ನುವುದಕ್ಕೆ ನಾಚಿಕೆಯಾಗುತ್ತದೆ. ಆಡಿಟರ್ ಕೊಡುವ ಲೆಕ್ಕ ವರ್ಷ ಮುಗಿದ ಮೇಲೆ ಬರುತ್ತಿತ್ತು. ಅದು ಹೆಣಕ್ಕೆ ಜ್ವರ ನೋಡಿದ ಹಾಗೆ.

ಆ ಹಾಳೆಯನ್ನು ಟೂಲ್ ಬೀರುವಿನ ಬಾಗಿಲೊಳಗೆ ಅಂಟಿಸಿದೆ. ಇನ್ಸರ್ಟು, ಅಂದರೆ ಟೂಲಿನ ಕಡಿಯುವ ತುದಿ, ತೆಗೆಯಲು ಬಂದವರಿಗೆಲ್ಲ ಕಾಣಲಿ ಅಂತಲೇ. ಮಾಲೀಕನ ಜೇಬು ಕಾರ್ಮಿಕರಿಗೆ ತೋರಿಸಬಾರದು ಅಂತ ಹಿರಿಯರು ಹೇಳುತ್ತಾರೆ. ನನಗೆ ಅನ್ನಿಸಿದ್ದು, ತೋರಿಸದಿದ್ದರೆ ಅವರು ಊಹಿಸಿಕೊಳ್ಳುವ ಜೇಬು ನನ್ನದಕ್ಕಿಂತ ಯಾವಾಗಲೂ ದೊಡ್ಡದಿರುತ್ತದೆ.

ಸೆಪ್ಟೆಂಬರ್ ಹೊತ್ತಿಗೆ ಮೂರು ಜನರನ್ನು ಕಳಿಸಬೇಕು ಅಂತ ಲೆಕ್ಕ ಹಾಕಿಕೊಂಡಿದ್ದೆ. ಇಬ್ಬರು ಆಪರೇಟರು, ಒಬ್ಬ ಹೆಲ್ಪರು, ತಿಂಗಳಿಗೆ 46,000 ಉಳಿತಾಯ. ಒಂದು ಸೋಮವಾರ ಸಂಜೆ ಎಲ್ಲರನ್ನೂ ಕೂರಿಸಿದೆ. ಕೆಲವರು ಬೋರಲು ಹಾಕಿದ ಕ್ರೇಟುಗಳ ಮೇಲೆ, ಕೆಲವರು ಪ್ಯಾಲೆಟ್ ಮೇಲೆ. ಕಂಪ್ರೆಸರ್ ಆಫ್ ಮಾಡಿಸಿದ್ದೆ. ಆ ಸದ್ದಿಲ್ಲದ ಶೆಡ್ಡು ಯಾರಿಗೂ ಅಭ್ಯಾಸವಿರಲಿಲ್ಲ, ಎಲ್ಲರೂ ಅಗತ್ಯಕ್ಕಿಂತ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಹಾಳೆ ಓದಿದೆ, ಕೈಗೆ ಬರುತ್ತಿರುವುದೆಷ್ಟು ಅಂತಲೂ ಹೇಳಿದೆ. ಮೂರು ಜನ ಅನ್ನುವ ಮಾತು ಬಾಯಿಗೆ ಬರುವಷ್ಟರಲ್ಲಿ ಮಷಿನ್ನಿಗೆ ಟೂಲು ಹೊಂದಿಸಿಕೊಡುವ ನಮ್ಮ ಗುಬ್ಬಿಯ ಸೆಟ್ಟರ್ ಎದ್ದು ನಿಂತ. (ಶೆಡ್ಡಿನಲ್ಲಿ ನಾವು ಊರ ಹೆಸರಿನಿಂದಲೇ ಕರೆಯುವುದು. ಗುಬ್ಬಿ, ಸಿಂದಗಿ, ಮಧುಗಿರಿ. ಒಡಿಶಾದ ಇಬ್ಬರಿಗೆ ಮಾತ್ರ ದೊಡ್ಡ ಒಡಿಶಾ, ಚಿಕ್ಕ ಒಡಿಶಾ.)

"ಸಾರ್, ಯಾರನ್ನ ಕಳಿಸ್ತೀರ ಅಂತ ನಮಗೂ ಗೊತ್ತು. ಅದರ ಬದ್ಲು ಎಲ್ಲರಿಗೂ ವಾರಕ್ಕೊಂದು ದಿನ ಕಮ್ಮಿ ಮಾಡಿ. ನನಗೂ ಮಾಡಿ."

"ನಿನಗೆ ಮಾಡಿದ್ರೆ ನಾಲ್ಕು ಸಾವಿರದ ಮೇಲೆ ಹೋಗತ್ತೆ ಕಣಪ್ಪ."

"ಹೋಗ್ಲಿ ಸಾರ್. ಟೀ ಒಂದು ನಿಲ್ಲಿಸ್ಬೇಡಿ."

ಎಲ್ಲರೂ ನಕ್ಕರು. ಅಲ್ಲೇ ಕ್ಯಾಲ್ಕುಲೇಟರ್ ಹಿಡಿದೆವು. ಆರರಲ್ಲಿ ಒಂದು ದಿನ ಅಂದರೆ 1,94,000ದಲ್ಲಿ 32,000 ಚಿಲ್ಲರೆ. ಮೂರು ಜನರನ್ನು ಕಳಿಸಿದರೆ ಉಳಿಯುವುದಕ್ಕಿಂತ ಹದಿಮೂರು ಹದಿನಾಲ್ಕು ಸಾವಿರ ಕಡಿಮೆ. ನನ್ನ ಮನೆ ಖರ್ಚಿನಲ್ಲಿ ಹತ್ತು ಸಾವಿರ ಕಡಿದುಕೊಂಡೆ. ಮಿಕ್ಕದ್ದಕ್ಕೆ ಹೊಂದಿಕೆಯಾಗಲಿಲ್ಲ, ಟೀಯೂ ನಿಲ್ಲಲಿಲ್ಲ. ರಜೆಯ ದಿನ ಶನಿವಾರ ಅಂತ ಆಯಿತು. ಸಿಂದಗಿಯ ಹುಡುಗ ಆ ದಿನ ಬೈಕ್ ತಗೊಂಡು ಊಟ ಡೆಲಿವರಿಗೆ ಹೋಗತೊಡಗಿದ. ಸೋಮವಾರ ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ ಯಾರೂ ಕೇಳುತ್ತಿರಲಿಲ್ಲ.

ಇಲ್ಲಿ ಕಾನೂನಿನ ಮಾತೊಂದು ಹೇಳಬೇಕು. ಕೆಲಸವಿಲ್ಲದೆ ಲೇ-ಆಫ್ (ತಾತ್ಕಾಲಿಕ ಬಿಡುವು) ಕೊಟ್ಟರೆ ಅರ್ಧ ಸಂಬಳ ಪರಿಹಾರ ಅನ್ನುವ ನಿಯಮ ಆಗಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. ಆದರೆ ಅದು 50 ಜನರಿಗಿಂತ ಕಡಿಮೆ ಇರುವ ಕಡೆ ಅನ್ವಯಿಸುತ್ತಿರಲಿಲ್ಲ. ಪಿಎಫ್ ಕಡ್ಡಾಯವಾಗುವುದು 20 ಜನರಿಂದ. ನಮ್ಮ ಹನ್ನೊಂದು ಜನರಿಗೆ ಇದ್ದದ್ದು ಇಎಸ್‌ಐ ಒಂದೇ, ಅದೂ ಸಂಬಳ 21,000 ದಾಟಿದ ಸೆಟ್ಟರುಗಳಿಗೆ ಇಲ್ಲ. ಕಾನೂನಿನ ಸೂರು ನಮ್ಮ ತಲೆಯಿಂದ ಎರಡು ಮೊಳ ಮೇಲೆ ಶುರುವಾಗುತ್ತದೆ, ಮಳೆ ಮಾತ್ರ ನೇರ ಬೀಳುತ್ತದೆ. ಅದರಿಂದ ನನಗೆ ಅನುಕೂಲವಾಗಿತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ದುಡ್ಡಿನ ವಿಷಯ. ಕೆಲಸ ಕಡಿಮೆಯಾಗಿದ್ದಕ್ಕಿಂತ, ಮಾಡಿದ ಕೆಲಸದ ದುಡ್ಡು ನಿಂತದ್ದು ನಮ್ಮನ್ನು ಹೆಚ್ಚು ಹಣ್ಣು ಮಾಡಿತು. ಅರವತ್ತು ದಿನಕ್ಕೆ ಬರುತ್ತಿದ್ದ ಚೆಕ್ಕು ತೊಂಬತ್ತಾಯಿತು, ಆಮೇಲೆ ನೂರಮೂವತ್ತು. ದೊಡ್ಡವರು ಬ್ಯಾಂಕಿನಿಂದ ಸಾಲ ತರುವ ಬದಲು ನಮ್ಮಿಂದ ತರುತ್ತಾರೆ, ಬಡ್ಡಿಯಿಲ್ಲದೆ. ಜಿಎಸ್‌ಟಿ ಮಾತ್ರ ಬಿಲ್ಲು ಹಾಕಿದ ಮರುತಿಂಗಳು 20ನೇ ತಾರೀಕಿಗೆ ಕಟ್ಟಬೇಕಿತ್ತು. ಜಾಬ್ ವರ್ಕಿನಲ್ಲಿ ಮಾಲು ಗಿರಾಕಿಯದು, ನಮ್ಮದು ಬರೀ ಕೂಲಿ. ಹಾಗಾಗಿ ಕಟ್ಟಬೇಕಾದ್ದರಲ್ಲಿ ಕಳೆಯಲು, ಮಾಲು ಕೊಂಡಾಗ ಕೊಟ್ಟ ಇನ್‌ಪುಟ್ ತೆರಿಗೆಯೂ ಹೆಚ್ಚಿರುವುದಿಲ್ಲ. ನಾಲ್ಕು ಲಕ್ಷದ ಬಿಲ್ಲಿಗೆ ಶೇ. 18ರಂತೆ 72,000. ಬಂದೇ ಇಲ್ಲದ ದುಡ್ಡಿಗೆ ಹೆಂಡತಿಯ ಬಳೆ ಅಡ ಇಟ್ಟು ತೆರಿಗೆ ಕಟ್ಟಿದ್ದೇನೆ. 2019ರ ಅಕ್ಟೋಬರ್ 1ರಿಂದ ನಮ್ಮ ಥರದ ಜಾಬ್ ವರ್ಕಿಗೆ ಶೇ. 12ಕ್ಕೆ ಇಳಿಸಿದರು, ಉಸಿರಾಡಲು ಸ್ವಲ್ಪ ಜಾಗವಾಯಿತು.

2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನ ಮೀರಿದರೆ ಗಿರಾಕಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ದೂರು ಕೊಡಲು ಸಮಾಧಾನ್ ಪೋರ್ಟಲ್ಲೂ ಇದೆ. ನಾನು ಕೊಡಲಿಲ್ಲ. ನೀರಿನಲ್ಲಿದ್ದು ಮೊಸಳೆಯ ಮೇಲೆ ಮೊಕದ್ದಮೆ ಹೂಡುವಷ್ಟು ಧೈರ್ಯ ನನಗಿರಲಿಲ್ಲ. ಮಾಡಿದ್ದು ಇಷ್ಟು: ಪ್ರತಿ ಗುರುವಾರ ಗಿರಾಕಿಯ ಅಕೌಂಟ್ಸ್ ವಿಭಾಗದ ಮುಂದೆ ಹೋಗಿ ಕೂತೆ. ಪರ್ಚೇಸ್‌ನವರ ಹತ್ತಿರ ಅಲ್ಲ, ಅವರು ಬರೀ "ಹಾಕ್ತಾರೆ ಹಾಕ್ತಾರೆ" ಅನ್ನುತ್ತಾರೆ. ಮೂರನೇ ಗುರುವಾರ ಅಲ್ಲಿನ ಒಬ್ಬ ಹುಡುಗಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದಳು. ನನ್ನ ಬಾಕಿ ಬಿಲ್ಲುಗಳಲ್ಲಿ ಸುಮಾರು ಅರ್ಧ ಅವರ ಪೇಮೆಂಟ್ ಪಟ್ಟಿಗೇ ಬಂದಿರಲಿಲ್ಲ. ಒಂದರಲ್ಲಿ ಡೆಲಿವರಿ ಚಲನ್ ನಂಬರ್ ತಪ್ಪು, ಇನ್ನೊಂದರಲ್ಲಿ ಮಾಲು ಬಂತೆಂದು ಅವರು ಬರೆದುಕೊಡುವ ಜಿಆರ್‌ಎನ್ ರಸೀದಿಯಲ್ಲಿ 480, ನನ್ನ ಬಿಲ್ಲಿನಲ್ಲಿ 500. ಇಪ್ಪತ್ತು ಪೀಸಿನ ತಗಾದೆಗೆ ಪೂರಾ ಬಿಲ್ಲು ನಿಂತಿತ್ತು. ತಿಂಗಳಿಗೆ ಎರಡು ಸಲ, 10 ಮತ್ತು 25ಕ್ಕೆ ಪೇಮೆಂಟ್ ಬಿಡುತ್ತಾರೆ, ಅದಕ್ಕೆ ನಾಲ್ಕು ದಿನ ಮುಂಚೆ ಪಟ್ಟಿ ಮುಚ್ಚುತ್ತದೆ ಅನ್ನುವುದೂ ಅಲ್ಲೇ ತಿಳಿಯಿತು. ಅಂದಿನಿಂದ ಚಲನ್ ಜೊತೆಗೇ ಜಿಆರ್‌ಎನ್ ಬರೆಸಿಕೊಂಡು ಬರುವ ತನಕ ನಮ್ಮ ಗಾಡಿ ಅವರ ಗೇಟು ಬಿಟ್ಟು ಬರುವುದಿಲ್ಲ. ನೂರಮೂವತ್ತು ದಿನ ತೊಂಬತ್ತೈದಕ್ಕೆ ಇಳಿಯಿತು. ಉಳಿದದ್ದು ಅವರ ದುರಾಸೆ, ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

(2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನುವ ಕಲಂ ಬಂತು. ನಮ್ಮಂಥ ಸಣ್ಣವರಿಗೆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಕೊಡುವ ತನಕ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಈಗ ಮಾರ್ಚ್ ಬಂದರೆ ಅಕೌಂಟ್ಸ್‌ನವರು ತಾವಾಗಿಯೇ ಫೋನ್ ಮಾಡುತ್ತಾರೆ. ಮೊದಲ ಸಲ ಬಂದಾಗ ರಾಂಗ್ ನಂಬರ್ ಅಂದುಕೊಂಡೆ.)

ಆಮೇಲೆ ರೇಟು. ಸಿಎನ್‌ಸಿಗೆ ಗಂಟೆಗೆ 280 ರೂಪಾಯಿ ಸಿಗುತ್ತಿತ್ತು. ಅಕ್ಟೋಬರ್‌ನಲ್ಲಿ ಗಿರಾಕಿ ಕರೆದು, "220ಕ್ಕೆ ಮಾಡೋರು ಕ್ಯೂನಲ್ಲಿ ನಿಂತಿದಾರೆ" ಅಂದ. ಸುಳ್ಳಲ್ಲ, ನಿಂತಿದ್ದರು. ಕರೆಂಟು, ಇನ್ಸರ್ಟು, ಕೂಲೆಂಟು ಎಲ್ಲ ಸೇರಿ ಗಂಟೆಗೆ ಎಪ್ಪತ್ತೈದು ರೂಪಾಯಿ ಹಿಡಿದರೆ, 220ಕ್ಕೆ ಮಾಡಿದರೂ ಮಷಿನ್ನು ಸುಮ್ಮನೆ ನಿಲ್ಲಿಸುವುದಕ್ಕಿಂತ ಮೇಲು ಅಂತ ಲೆಕ್ಕ ಹೇಳುತ್ತದೆ. ಆದರೆ ಇಳಿಸಿದ ರೇಟು ಹತ್ತುವುದಿಲ್ಲ. 2009ರಲ್ಲಿ ಇಳಿಸಿದವರು 2014ರ ತನಕ ಅದೇ ರೇಟಿಗೆ ದುಡಿದದ್ದು ನೋಡಿದ್ದೆ. ಒಂದು ವಾರ ಟೈಮು ಕೇಳಿ ಬಂದೆ.

ಗುಬ್ಬಿಯವನೂ ನಾನೂ ಮಷಿನ್ನಿನ ಮುಂದೆ ಮೊಬೈಲ್ ಹಿಡಿದು ನಿಂತು, ಒಂದು ಪೀಸು ಆಗುವುದನ್ನು ವಿಡಿಯೊ ಮಾಡಿದೆವು. ಹಾಕಿ ತೆಗೆಯುವುದೂ ಸೇರಿ 220 ಸೆಕೆಂಡು. ಆಮೇಲೆ ಕೂತು ಆ ವಿಡಿಯೊವನ್ನು ಸಿನಿಮಾ ನೋಡಿದ ಹಾಗೆ ನೋಡಿದೆವು. ನೋಡಿದರೆ ಟೂಲು ಗಾಳಿಯಲ್ಲಿ ಓಡಾಡುವುದೇ ಎಷ್ಟೊಂದು! ಪ್ರತಿ ಪಾಸ್ (ಒಂದು ಸಲದ ಕಡಿತ) ಆದ ಮೇಲೆ ಹತ್ತು ಮಿಲಿಮೀಟರ್ ಹಿಂದೆ ಸರಿಯುತ್ತಿತ್ತು, ಎರಡು ಸಾಕಾಗಿತ್ತು. ಟೂಲ್ ಬದಲಾಗಲು, ಟೂಲುಗಳನ್ನು ಹಿಡಿದಿರುವ ಟರೆಟ್ಟು ತನ್ನ ಮೂಲ ಜಾಗದ ತನಕ ಹೋಗಿ ಬರುತ್ತಿತ್ತು, ಅರ್ಧ ದಾರಿಯಲ್ಲೇ ತಿರುಗಿಸಬಹುದಿತ್ತು. ರಫಿಂಗ್, ಅಂದರೆ ಮೊದಲ ಒರಟು ಕಡಿತ, ನಾಲ್ಕು ಪಾಸಿನಲ್ಲಿತ್ತು. ಎಸ್‌ಪಿ ರೋಡಿನಿಂದ ಬೇರೆ ಗ್ರೇಡಿನ ಇನ್ಸರ್ಟು ತಂದು ಮೂರಕ್ಕಿಳಿಸಿದೆವು. ಮೊದಲ ದಿನ ಎರಡು ಇನ್ಸರ್ಟು ಚೂರಾದವು, ಒಂದು ಪೀಸು ಚಕ್ಕಿನಿಂದ ಹಾರಿ ಬಾಗಿಲ ಗಾಜಿಗೆ ಬಡಿಯಿತು. ನಾಲ್ಕನೇ ದಿನ 185 ಸೆಕೆಂಡಿಗೆ ನಿಂತಿತು. ಪೀಸಿಗೆ 17 ರೂಪಾಯಿ ಇದ್ದದ್ದನ್ನು 15.60ಕ್ಕೆ ಇಳಿಸಿ ಕೊಟ್ಟೆ. ಗಿರಾಕಿಗೆ ರೇಟು ಇಳಿಯಿತು, ನನಗೆ ಗಂಟೆಗೆ 300 ದಾಟಿತು. ಈ ಬುದ್ಧಿ ಕೆಲಸ ತುಂಬಿ ತುಳುಕುವಾಗ ಬಂದಿದ್ದರೆ ಎಷ್ಟು ದುಡಿಯಬಹುದಿತ್ತು ಅಂತ ಗುಬ್ಬಿಯವನು ಇವತ್ತಿಗೂ ಚುಚ್ಚುತ್ತಾನೆ. ಆಗ ವಿಡಿಯೊ ಮಾಡಲು ಪುರುಸೊತ್ತೆಲ್ಲಿತ್ತು?

ಬೇರೆ ಗಿರಾಕಿಗಳನ್ನು ಹುಡುಕಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕಾಲು ಸವೆಸುವ ಕೆಲಸ. ಬೋರ್‌ವೆಲ್ ಪಂಪಿನ ಶಾಫ್ಟು, ಪ್ಯಾಕಿಂಗ್ ಮಷಿನ್ನಿನ ಬುಷ್ಷು, ಹತ್ತು ಪೀಸು ಇಪ್ಪತ್ತು ಪೀಸಿನ ಕೆಲಸ. ಸೆಟ್ಟಿಂಗಿಗೇ ಅರ್ಧ ದಿನ ಹೋಗುತ್ತದೆ, ದುಡ್ಡು ಮಾತ್ರ ಕೈಗೆ ಕೈಯಲ್ಲೇ ಬರುತ್ತದೆ. ಶನಿವಾರದ ರಜೆಯನ್ನು ಡಿಸೆಂಬರ್‌ನಲ್ಲಿ ವಾಪಸ್ ತೆಗೆದದ್ದು ಈ ಚಿಲ್ಲರೆ ಕೆಲಸದಿಂದಲೇ.

ಇನ್ನು ನಾನು ಮಾಡಿದ ತಪ್ಪು.

ನವೆಂಬರ್‌ನಲ್ಲಿ ಒಂದು ತಿಂಗಳು ಸಂಬಳಕ್ಕೆ 12,000 ಕಡಿಮೆ ಬಿತ್ತು. ಯಾರನ್ನೂ ಕಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಆದರೂ ಒಬ್ಬರನ್ನು ಕಳಿಸಿದೆ. ಲಗ್ಗೆರೆಯಿಂದ ನಡೆದು ಬರುತ್ತಿದ್ದ ಒಬ್ಬ ಅಕ್ಕ, ಹೆಲ್ಪರ್ ಲೆಕ್ಕದಲ್ಲಿ 13,000 ಸಂಬಳ. ಕೆಲಸ, ಪೀಸುಗಳ ಬರ್, ಅಂದರೆ ಕಡಿದ ಅಂಚಿನಲ್ಲಿ ಉಳಿಯುವ ಮುಳ್ಳು, ತೆಗೆದು ಒರೆಸಿ ಕ್ರೇಟಿಗೆ ಜೋಡಿಸುವುದು. ಆಪರೇಟರುಗಳೇ ಮಷಿನ್ನು ಓಡುವಾಗ ಬರ್ ತೆಗೆಯಲಿ ಅಂತ ಯೋಚಿಸಿದೆ. ಹನ್ನೊಂದು ಜನರಲ್ಲಿ ಯಾರಿಲ್ಲದಿದ್ದರೂ ಮಷಿನ್ನು ನಿಲ್ಲುತ್ತದೆ, ಅವರಿಲ್ಲದಿದ್ದರೆ ನಿಲ್ಲುವುದಿಲ್ಲ ಅನ್ನಿಸಿತ್ತು. ಲೆಕ್ಕ ಸೆಟ್ಲು ಮಾಡಿ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಟ್ಟಾಗ ಅವರು ಏನೂ ಅನ್ನಲಿಲ್ಲ. ಬೆಂಚಿನ ಡ್ರಾಯರ್ ಎಳೆದು, ತಮ್ಮ ಒಂದು ತಂತಿ ತಗೊಂಡು ಹೋದರು. ಆ ತಂತಿ ಏನು ಅಂತ ನಾನು ನೋಡಲಿಲ್ಲ.

ಮೂರು ವಾರಕ್ಕೆ 340 ಪೀಸು ವಾಪಸ್ ಬಂತು. ಲಾರಿಯ ಆಯಿಲ್ ಲೈನಿಗೆ ಹೋಗುವ ಫಿಟ್ಟಿಂಗ್ ಅದು. ಉದ್ದದ ತೂತಿಗೆ ಅಡ್ಡಲಾಗಿ ನಾಲ್ಕು ಮಿಲಿಮೀಟರಿನ ಇನ್ನೊಂದು ತೂತು ಸೇರುತ್ತದೆ. ಎರಡೂ ಸೇರುವ ಅಂಚಿನಲ್ಲಿ, ಹೊರಗಿನಿಂದ ಕಾಣದ ಹಾಗೆ, ಕೂದಲಿನಷ್ಟು ಬರ್ ನಿಲ್ಲುತ್ತದೆ. ಅದು ಕಿತ್ತು ಎಣ್ಣೆಗೆ ಬಿದ್ದರೆ ಮುಂದೆ ವಾಲ್ವು ಸಿಕ್ಕಿಕೊಳ್ಳುತ್ತದೆ. ನಮ್ಮ ದುಡ್ಡಿನಲ್ಲಿ ಮುರಿದುಕೊಂಡ ಡೆಬಿಟ್ ನೋಟು 21,000. ವಾಪಸ್ ತಂದ ಸಾಗಣೆ, ಎರಡು ದಿನದ ರೀವರ್ಕು ಬೇರೆ. ಆಪರೇಟರುಗಳು ಸುಮ್ಮನಿರಲಿಲ್ಲ, ಬರ್ ತೆಗೆದೇ ಇದ್ದರು, ಕಣ್ಣಿಗೆ ಕಂಡದ್ದನ್ನು. ಆಗ ಚಿಕ್ಕ ಒಡಿಶಾ ಅರೆಬರೆ ಕನ್ನಡದಲ್ಲಿ ಹೇಳಿದ: "ಅಕ್ಕ ಸೈಕಲ್ ಕಡ್ಡಿ ಹಾಕ್ತಿತ್ತು ಸಾರ್." ಹಳೇ ಸೈಕಲ್ ಚಕ್ರದ ಕಡ್ಡಿಯ ತುದಿಯನ್ನು ಉಜ್ಜಿ, ಉಗುರಿನಷ್ಟು ಕೊಕ್ಕೆ ಬಗ್ಗಿಸಿಕೊಂಡಿದ್ದರಂತೆ. ತೂತಿನೊಳಗೆ ಬಿಟ್ಟು ಒಂದು ಸುತ್ತು ತಿರುಗಿಸಿದರೆ ಬರ್ ಇದ್ದ ಕಡೆ ಕೈಗೆ ತಟ್ಟುತ್ತಿತ್ತು. ನಾನು ಐದು ವರ್ಷ ಅದೇ ಶೆಡ್ಡಿನಲ್ಲಿ ಕೂತು ಅದನ್ನು ನೋಡಿರಲಿಲ್ಲ.

ಭಾನುವಾರ ಲಗ್ಗೆರೆಗೆ ಹೋದೆ. ಎರಡನೇ ಮಹಡಿಯ ಒಂದು ಕೋಣೆ, ಬಾಗಿಲಲ್ಲೇ ನೀರಿನ ಬಿಂದಿಗೆಗಳ ಸಾಲು. ಕಾಫಿ ಕೊಟ್ಟರು.

"ತಪ್ಪಾಯ್ತಕ್ಕ, ವಾಪಸ್ ಬನ್ನಿ" ಅಂದೆ.

"ಗಾರ್ಮೆಂಟ್ಸ್‌ಗೆ ಸೇರಿದೀನಿ ಸಾರ್. ಸಂಬಳ ನಿಮ್ಮಲ್ಲಿಗಿಂತ ಕಮ್ಮೀನೇ."

"ಮತ್ತೆ?"

"ಅಲ್ಲಿ ಪಿಎಫ್ ಹಿಡೀತಾರೆ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬರುವಾಗ ಆ ಕಡ್ಡಿಯನ್ನು ಕೈಗೆ ಕೊಟ್ಟರು, ಹುಡುಗರಿಗೆ ತೋರಿಸಿ ಅಂತ.

ಸಂಕ್ರಾಂತಿ ಹೊತ್ತಿಗೆ ಡ್ರಮ್ಮು ನಾಲ್ಕಕ್ಕೆ ಏರಿತ್ತು. ಗುಜರಿಯವನು ಹದಿನೈದು ದಿನಕ್ಕೊಮ್ಮೆ ಬರಲು ಶುರು ಮಾಡಿದ್ದ. ಆಮೇಲೆ 2020ರ ಮಾರ್ಚ್ 25, ಕೊರೊನಾ ಲಾಕ್‌ಡೌನ್. ಅದನ್ನು ಮಾಂದ್ಯ ಅನ್ನುವುದೋ ಬೇರೇನೋ, ಅಂತೂ ನಲವತ್ತು ದಿನ ಶಟರ್ ಎತ್ತಲಿಲ್ಲ. ಹಿಂದಿನ ವರ್ಷದ ಹಾಳೆ ಇದ್ದದ್ದರಿಂದ ಮೊದಲ ದಿನವೇ ಕೂತು ಲೆಕ್ಕ ಹಾಕುವುದಾಯಿತು. ಕಂತಿನ ವಿನಾಯಿತಿಯನ್ನು ವಿಎಂಸಿಗೆ ಮಾತ್ರ, ಮೂರು ತಿಂಗಳಿಗೆ ಮಾತ್ರ ತಗೊಂಡೆ. ಕಟ್ಟದ ಕಂತಿಗೂ ಬಡ್ಡಿ ಬೆಳೆಯುತ್ತದೆ ಅನ್ನುವುದನ್ನು ಬ್ಯಾಂಕಿನವರು ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಬಾಕಿ ಸಾಲದ ಶೇ. 20ರಷ್ಟು ಅಡಮಾನವಿಲ್ಲದೆ ಕೊಡುವ ಯೋಜನೆ ಬಂದಾಗ 24 ಲಕ್ಷಕ್ಕೆ 4.8 ಲಕ್ಷ ಸಿಕ್ಕಿತು. ಸಾಲದ ಮೇಲೆ ಸಾಲ, ಆದರೂ ಏಪ್ರಿಲ್, ಮೇ ತಿಂಗಳ ಅರ್ಧ ಸಂಬಳ ಕೊಡಲು, ಬಾಡಿಗೆ ಕಟ್ಟಲು ಅದೇ ಆಧಾರ. ನೌಕರ, ಮಾಲೀಕ ಇಬ್ಬರ ಪಿಎಫ್ ಪಾಲು ಶೇ. 24ನ್ನೂ ಸರ್ಕಾರವೇ ಕಟ್ಟುತ್ತದೆ ಅನ್ನುವ ಯೋಜನೆಯೂ ಬಂದಿತ್ತು. ನಮ್ಮಲ್ಲಿ ಪಿಎಫ್ಫೇ ಇಲ್ಲವಲ್ಲ, ಅದು ನಮ್ಮ ಬಾಗಿಲ ಮುಂದೆಯೇ ಹಾದುಹೋಯಿತು. ಮೇ ಮೊದಲ ವಾರದಲ್ಲಿ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲು ಬೇಡ ಅಂತ ರಾಜ್ಯ ಸರ್ಕಾರ ಹೇಳಿ, ಎಲ್ಲರೂ ಬೈದ ಮೇಲೆ ಮತ್ತೆ ಬಿಟ್ಟಿತು. ಒಡಿಶಾದ ಇಬ್ಬರೂ ಅದರಲ್ಲಿ ಊರಿಗೆ ಹೋದರು. ದೊಡ್ಡವನು ವಾಪಸ್ ಬರಲಿಲ್ಲ.

ಬಿಇಎಲ್‌ನವರು 30,000 ವೆಂಟಿಲೇಟರ್ ಮಾಡುತ್ತಿದ್ದಾಗ ಇನ್ನೊಂದು ಶೆಡ್ಡಿನ ಮೂಲಕ ನಮಗೂ ಒಂದಿಷ್ಟು ಹಿತ್ತಾಳೆ ಫಿಟ್ಟಿಂಗ್ ಕೆಲಸ ಬಂತು. ಸಣ್ಣ ಸಣ್ಣ ಅಡ್ಡ ತೂತುಗಳು. ಗುಬ್ಬಿಯವನು ಡ್ರಾಯಿಂಗ್ ನೋಡಿ ನನ್ನ ಮುಖ ನೋಡಿದ. ನಾನು ಡ್ರಾಯರ್‌ನಲ್ಲಿದ್ದ ಸೈಕಲ್ ಕಡ್ಡಿ ನೋಡಿದೆ.

ಜೂನ್ ಕೊನೆಗೆ ಆ ಅಕ್ಕ ತಾವಾಗಿಯೇ ಬಂದರು. ಗಾರ್ಮೆಂಟ್ಸ್‌ನವರು ಪೂರಾ ಒಂದು ಲೈನು ಮುಚ್ಚಿದ್ದರು. ಬಾಗಿಲಲ್ಲಿ ಮಾಸ್ಕ್ ಸರಿಮಾಡಿಕೊಂಡು, "ಕೆಲ್ಸ ಇದ್ಯಾ ಸಾರ್?" ಅಂದರು. ಇತ್ತು. ಬೆಂಚಿಗೆ ಕೂತು, ಕ್ರೇಟಿನಿಂದ ಒಂದೊಂದೇ ಪೀಸು ಎತ್ತಿ ಕಡ್ಡಿ ತಿರುಗಿಸಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಒಂಬತ್ತು ಪೀಸು ಬೇರೆ ಇಟ್ಟರು. ಸಂಜೆ ಹೋಗುವಾಗ ಕೇಳಿದರು, "ಪಿಎಫ್ ಏನಾದ್ರೂ ಮಾಡ್ತೀರಾ?"

ಇಪ್ಪತ್ತು ಜನ ಇಲ್ಲದಿದ್ದರೂ ಮಾಲೀಕ, ಕಾರ್ಮಿಕರು ಒಪ್ಪಿ ಪಿಎಫ್‌ಗೆ ಸೇರಬಹುದು ಅಂತ ಆಡಿಟರ್ ಹೇಳಿದರು. ಹೇಳಿದ್ದರಲ್ಲೇ ಬೇಡ ಅನ್ನುವ ಸಲಹೆಯೂ ಇತ್ತು, ಒಮ್ಮೆ ಸೇರಿದರೆ ಹೊರಗೆ ಬರುವುದು ಸುಲಭವಲ್ಲ ಅಂತ. 2021ರಲ್ಲಿ ಸೇರಿದೆ. ಹಾಳೆಯಲ್ಲಿ ಒಂದು ಸಾಲು ಹೆಚ್ಚಾಯಿತು, ದಿನದ 14,500 ಈಗ ಅದಕ್ಕಿಂತ ಬಹಳ ಮೇಲಿದೆ. ಅಕ್ಕನ ಗಾರ್ಮೆಂಟ್ಸ್‌ನ ಹಳೇ ಪಿಎಫ್ ದುಡ್ಡನ್ನು ನಮ್ಮ ಖಾತೆಗೆ ಸೇರಿಸುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಅಲ್ಲಿ ಅವರ ಹೆಸರಿನ ಮುಂದೆ ಗಂಡನ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅಪ್ಪನದು. ಅರ್ಜಿ ಎರಡು ಸಲ ವಾಪಸ್ ಬಂದಿದೆ. ಮೂರನೇ ಸಲ ಹಾಕಲು ಹಳೇ ಕಂಪನಿಯವರ ಸಹಿ ಬೇಕು, ಬರುವ ಗುರುವಾರ ಅವರ ಆಫೀಸಿನ ಮುಂದೆ ಹೋಗಿ ಕೂರಬೇಕು ಅಂತಿದ್ದೇನೆ.